ಓಡಿದ್ದು ಕಮ್ಮಿ, ನಿಂತದ್ದು ಜಾಸ್ತಿ: ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ ಹೈಬ್ರಿಡ್ ಬಗ್ಗೆ

ಕೆಎಲ್ 14 (ಕಾಸರಗೋಡು) ನಂಬರಿನ ಹತ್ತು ವರ್ಷದ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವ ಗಾಡಿ, ಮಾರಾಟಕ್ಕಿದೆ, ಮೀಟರಿನಲ್ಲಿ ಬರೀ 45,000 ಕಿ.ಮೀ. ತೋರಿಸುತ್ತಿದೆ ಎಂದರೆ ಮೊದಲು ಕೇಳಬೇಕಾದ್ದು ಬೆಲೆಯಲ್ಲ, ಯಜಮಾನರು ಎಲ್ಲಿದ್ದರು ಎಂದು. ದುಬೈಯಲ್ಲೋ ದೋಹಾದಲ್ಲೋ ಇದ್ದರೆ ಗಾಡಿ ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲಿ ಮಲಗಿತ್ತೆಂದೇ ಲೆಕ್ಕ. ಸಾದಾ ಪೆಟ್ರೋಲ್ ಗಾಡಿ ಇದನ್ನು ಹೇಗೋ ಸಹಿಸಿಕೊಳ್ಳುತ್ತದೆ. ಹೈಬ್ರಿಡ್‌ಗೆ ನಿಲ್ಲುವುದೇ ಕಾಯಿಲೆ. ಕುಂಬಳೆಯಿಂದ ಮಂಗಳೂರಿಗೆ ದಿನಾ ಹೋಗಿ ಬಂದು ಲಕ್ಷ ದಾಟಿಸಿದ ಗಾಡಿಯೇ ವಾಸಿ.

ಭಾರತದಲ್ಲಿ 2013ರಲ್ಲಿ ಮಾರಾಟಕ್ಕೆ ಬಂದ ತಲೆಮಾರಿನ, ಬಿಡದಿಯಲ್ಲಿ ಜೋಡಿಸಿದ 2.5 ಲೀಟರ್ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಬಗ್ಗೆ ಇದನ್ನು ಬರೆದಿರುವುದು. ಸೀಟು, ಸವಾರಿ, ನಿಶ್ಶಬ್ದ, ಎಂಜಿನ್ ಯಾವುದಕ್ಕೂ ಹೆಸರಿಡುವಂತಿಲ್ಲ. ತಲೆಬಿಸಿಯೆಲ್ಲ ಬ್ಯಾಟರಿ ಮತ್ತು ಟೈರಿನದು, ಅದೂ ಹೆಚ್ಚಿನ ಸಲ ಒಂದರ ತಪ್ಪನ್ನು ಇನ್ನೊಂದರ ಮೇಲೆ ಹೊರಿಸುವುದರಿಂದ.

ಗಾಡಿಯಲ್ಲಿ ಎರಡು ಬ್ಯಾಟರಿ. ಹಿಂದಿನ ಸೀಟಿನ ಬೆನ್ನಿಗೆ ಇರುವುದು ದೊಡ್ಡದು: ತಲಾ 7.2 ವೋಲ್ಟಿನ 34 ನಿಕಲ್ ಮೆಟಲ್ ಹೈಡ್ರೈಡ್ ಮಾಡ್ಯೂಲ್, ಒಟ್ಟು 244.8 ವೋಲ್ಟ್. ಡಿಕ್ಕಿಯ ಮೂಲೆಯಲ್ಲಿರುವುದು ಚಿಕ್ಕ 12 ವೋಲ್ಟಿನದು. ಗಾಡಿಯಲ್ಲಿ ಸ್ಟಾರ್ಟರ್ ಮೋಟಾರೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಚಿಕ್ಕದು ಕಂಪ್ಯೂಟರುಗಳನ್ನು ಎಬ್ಬಿಸಿ ರಿಲೇ ಜೋಡಿಸುತ್ತದೆ, ಎಂಜಿನ್ ತಿರುಗಿಸುವುದು ದೊಡ್ಡದರ ಕೆಲಸ. ಹಾಗಾಗಿ ದೊಡ್ಡದು ಪೂರ್ತಿ ಇಳಿದಿದ್ದರೆ ಎಷ್ಟು ಜಂಪರ್ ಕೇಬಲ್ ಹಾಕಿದರೂ ಎಂಜಿನ್ ಹಿಡಿಯುವುದಿಲ್ಲ. ಚಿಕ್ಕದು ಇಳಿದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ, ಬ್ರೇಕ್ ಲೈಟು, ಕೀ ಸಿಗುತ್ತಿಲ್ಲ ಎಂಬ ಸಂದೇಶ, ಆದರೆ ‘ರೆಡಿ’ ಎಂಬ, ಹೊರಡಲು ಸಿದ್ಧವೆನ್ನುವ ದೀಪ ಮಾತ್ರ ಬಾರದು. ಇದನ್ನು ನೋಡಿ "ಹೈಬ್ರಿಡ್ ಬ್ಯಾಟರಿ ಹೋಯಿತು, ಲಕ್ಷಗಟ್ಟಲೆ ಖರ್ಚು" ಎನ್ನುವ ಮೆಕ್ಯಾನಿಕ್‌ನ ಕೈಯಲ್ಲಿ ಮಲ್ಟಿಮೀಟರ್ ಇದೆಯೇ ಎಂದು ಮೊದಲು ನೋಡಿ.

ಚಿಕ್ಕದನ್ನು ಅಳೆಯುವುದಕ್ಕೂ ಒಂದು ಕ್ರಮವಿದೆ. ಡ್ರೈವರ್ ಬಾಗಿಲು ತೆರೆದ ಕೂಡಲೇ ಬ್ರೇಕಿನ ಪಂಪು ಝುಂಯ್ ಎಂದು ಓಡಿ ಕರೆಂಟ್ ಎಳೆಯುತ್ತದೆ. ಆ ಹೊತ್ತಿಗೆ ಅಳೆದರೆ ಒಳ್ಳೆಯ ಬ್ಯಾಟರಿಯೂ ಸೋತಂತೆ ಕಾಣುತ್ತದೆ. ಡಿಕ್ಕಿ ತೆರೆದಿಟ್ಟು, ಬಾಗಿಲುಗಳನ್ನು ಮುಚ್ಚಿ, ಕೀಯನ್ನು ದೂರ ಇಟ್ಟು, ಮೂರು ಗಂಟೆ ಬಿಟ್ಟು ಅಳೆಯಿರಿ. 12.6 ಬಂದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದರೆ ಸಲ್ಫೇಟ್ ಕಟ್ಟಿದೆ, ಚಾರ್ಜ್ ಮಾಡಿದರೂ ನಿಲ್ಲದು. ರೆಡಿಗೆ ತಂದ ಮೇಲೆ 13.8ರಿಂದ 14.4 ಇರಬೇಕು. ಇಲ್ಲದಿದ್ದರೆ ಸಂಶಯ ಬ್ಯಾಟರಿಯ ಮೇಲಲ್ಲ, ದೊಡ್ಡದರಿಂದ ಚಿಕ್ಕದನ್ನು ಚಾರ್ಜ್ ಮಾಡುವ ಡಿಸಿ ಕನ್ವರ್ಟರಿನ ಮೇಲೆ.

ಬದಲಿಸುವಾಗ ಎಜಿಎಂ (ಆಸಿಡ್ ಚೆಲ್ಲದ, ಮುಚ್ಚಿದ) ಬ್ಯಾಟರಿಯನ್ನೇ ಹಾಕಿ, ಅದರ ಗಾಳಿಕೊಳವೆಯನ್ನು ಮರೆಯದೆ ಸಿಕ್ಕಿಸಿ. ಅಗ್ಗಕ್ಕೆ ಸಿಗುತ್ತದೆಂದು ಆಸಿಡ್ ನೀರಿನ ಬ್ಯಾಟರಿಯನ್ನು ಡಿಕ್ಕಿಯೊಳಗೆ ಕೂರಿಸಿದ ಗಾಡಿಗಳು ಕಾಣಸಿಗುತ್ತವೆ. ಅದರ ಆವಿ ಜನ ಕೂರುವ ಕೋಣೆಗೇ ಬರುತ್ತದೆ, ಪಕ್ಕದ ವೈರು ಹಸಿರುಗಟ್ಟುತ್ತದೆ. ಇನ್ನೊಂದು: ನೆರೆಮನೆಯ ಗಾಡಿಗೆ ಈ ಗಾಡಿಯಿಂದ ಜಂಪ್ ಕೊಡಬೇಡಿ, ಕನ್ವರ್ಟರಿಗೆ ಅಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ.

ಇನ್ನು ದೊಡ್ಡದು. ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರು ಮತ್ತು ಫೋನಿನಲ್ಲಿ ಡಾಕ್ಟರ್ ಪ್ರಿಯಸ್ ಆ್ಯಪ್ ಇದ್ದರೆ ಸಾಕು. ಎರಡೆರಡು ಮಾಡ್ಯೂಲ್ ಸೇರಿಸಿ 17 ಬ್ಲಾಕಿನ ವೋಲ್ಟೇಜ್ ಕಾಣುತ್ತದೆ. ನಿಂತಲ್ಲೇ ನೋಡಿ ತೃಪ್ತಿಪಡಬೇಡಿ. ಬದಿಯಡ್ಕದಿಂದ ಪೆರ್ಲದ ಕಡೆಗೆ ಏರಿಳಿತದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಏರಿನಲ್ಲಿ ಒತ್ತಿ ತುಳಿಯಿರಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿರಿ. ಪಕ್ಕದಲ್ಲಿ ಕುಳಿತವರು ಫೋನ್ ನೋಡಲಿ. ಒತ್ತಿ ತುಳಿದಾಗಲೂ ಅತಿ ಹೆಚ್ಚಿನ ಮತ್ತು ಅತಿ ಕಮ್ಮಿ ಬ್ಲಾಕಿನ ಅಂತರ 0.3 ವೋಲ್ಟಿನೊಳಗಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ಅರ್ಧ ವೋಲ್ಟ್ ದಾಟಿದರೆ ಚೌಕಾಸಿ ಮಾಡಿ, ಒಂದು ದಾಟಿದರೆ ಕೈಮುಗಿದು ಬನ್ನಿ.

ಉದಾಹರಣೆಗೆ, ಹದಿನಾರು ಬ್ಲಾಕುಗಳು 15.7ರಿಂದ 15.9ರವರೆಗೆ ಇದ್ದು ಒಂದು ಮಾತ್ರ 14.5 ತೋರಿಸಿದರೆ ಅದು ನಿಧಾನ ಸವೆತವಲ್ಲ. ಪ್ರತಿ ಮಾಡ್ಯೂಲಿನಲ್ಲಿ ಆರು ಸೆಲ್, ಒಂದೊಂದು ಸುಮಾರು 1.2 ವೋಲ್ಟಿನದು. ಅಷ್ಟೇ ಕಮ್ಮಿಯಾಗಿದೆ ಎಂದರೆ ಒಂದು ಸೆಲ್ ಸತ್ತಿದೆ. ಎಲ್ಲ ಬ್ಲಾಕುಗಳೂ ಒಟ್ಟಿಗೆ ಏರಿ ಒಟ್ಟಿಗೆ ಕುಸಿಯುತ್ತಿದ್ದು, ಡ್ಯಾಶಿನ ಕಡ್ಡಿಗಳು ಒಂದು ಏರಿಗೆ ಖಾಲಿ, ಒಂದು ಇಳಿಜಾರಿಗೆ ಭರ್ತಿ ಆಗುತ್ತಿದ್ದರೆ ಅದು ವಯಸ್ಸು, ಸಾಮರ್ಥ್ಯವೇ ಹೋಗಿದೆ. ಹೈಬ್ರಿಡ್ ಬ್ಯಾಟರಿ ಬದಲಿಸಿ ಎನ್ನುವ ಪಿ0ಎ80 ದೋಷದ ಕೋಡ್ ಬಂದಿದ್ದರೆ ಮಾತೇ ಬೇಡ. ಕೋಡ್ ಅಳಿಸಿ ತೋರಿಸುವವರೂ ಇದ್ದಾರೆ, ಅದಕ್ಕೇ ಅರ್ಧ ಗಂಟೆಯ ಓಟ.

ಸತ್ತ ಒಂದೇ ಮಾಡ್ಯೂಲ್ ಬದಲಿಸಿ ಕೊಡುತ್ತೇವೆ ಎನ್ನುವವರಿಗೆ ದುಡ್ಡು ಸುರಿಯಬೇಡಿ. ಉಳಿದ 33ಕ್ಕೂ ಅದೇ ವಯಸ್ಸು. ಹೊಸದೊಂದು ನಡುವೆ ಕೂತರೆ ಸಮತೋಲ ತಪ್ಪಿ ಕೆಲವೇ ತಿಂಗಳಲ್ಲಿ ಮತ್ತೊಂದು ಉರುಳುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಒಂದು ಅಪವಾದ ಉಂಟು. ಮಾಡ್ಯೂಲುಗಳನ್ನು ಜೋಡಿಸುವ ತಾಮ್ರದ ಪಟ್ಟಿ ಮತ್ತು ವೋಲ್ಟೇಜ್ ಅಳೆಯುವ ಸಣ್ಣ ವೈರಿನ ತುದಿ ಆಟಿ ತಿಂಗಳ ತೇವಕ್ಕೆ ಕಿಲುಬು ಹಿಡಿಯುತ್ತವೆ. ಆಗ ಬ್ಯಾಟರಿ ಸರಿಯಿದ್ದರೂ ಅಳತೆ ತಪ್ಪು ಬರುತ್ತದೆ. ಇದನ್ನು ತಿಕ್ಕಿ ಸ್ವಚ್ಛ ಮಾಡುವುದು ಹೈಬ್ರಿಡ್ ಬಲ್ಲವರ ಕೆಲಸ. ಕಿತ್ತಳೆ ಬಣ್ಣದ ಕೇಬಲ್ ಎಂದರೆ ಪ್ರಾಣಾಪಾಯ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾಯಬೇಕು, 1000 ವೋಲ್ಟಿನ ರಬ್ಬರ್ ಗ್ಲೌಸ್ ಬೇಕು.

ಬ್ಯಾಟರಿ ತಂಪಾಗುವುದು ಎಸಿಯ ಗಾಳಿಯನ್ನು ಕ್ಯಾಬಿನಿನಿಂದ ಎಳೆದು. ಹಿಂದಿನ ಸೀಟಿನ ಬಳಿಯ ಆ ಜಾಲರಿಯ ಮೇಲೆ ಬ್ಯಾಗು, ಟವೆಲು ಇಟ್ಟರೆ ಮುಗಿಯಿತು. ಮುರಕಲ್ಲಿನ ಕೆಂಪು ಧೂಳು ಫ್ಯಾನಿನ ರೆಕ್ಕೆಗೆ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಹಿಂದಿನಿಂದ ಫ್ಯಾನಿನ ಸದ್ದು ಪದೇ ಪದೇ ಕೇಳಿದರೆ ಮೊದಲು ಅದನ್ನು ಬಿಚ್ಚಿ ತೊಳೆಸಿ. ನಡುವಿನ ಮಾಡ್ಯೂಲುಗಳು ಮೊದಲು ಸಾಯುವುದು ಅಲ್ಲಿ ಬಿಸಿ ಹೆಚ್ಚೆಂಬ ಕಾರಣಕ್ಕೇ.

ಮೈಲೇಜ್ ಬಿದ್ದರೆ ಎಲ್ಲರ ಬೆರಳೂ ಬ್ಯಾಟರಿಯತ್ತ. ಅದಕ್ಕೆ ಮೊದಲು ಗಾಳಿ ನೋಡಿ: ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಡ್ರೈವರ್ ಬಾಗಿಲ ಕಂಬದ ಸ್ಟಿಕರಿನಲ್ಲಿರುವಷ್ಟು. ಆಮೇಲೆ ಹತ್ತು ಕಿ.ಮೀ. ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾವು ಉಗುಳುತ್ತಿದ್ದರೆ ಬ್ರೇಕ್ ಪ್ಯಾಡು ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿದೆ. ಹೈಬ್ರಿಡ್‌ನಲ್ಲಿ ಬಹುಪಾಲು ಬ್ರೇಕ್ ಕೆಲಸ ಮೋಟಾರಿನದೇ ಆದ್ದರಿಂದ ಪ್ಯಾಡುಗಳಿಗೆ ಕೆಲಸ ಕಮ್ಮಿ. ಮಳೆಗಾಲದಲ್ಲಿ ನಿಂತ ಗಾಡಿಯಲ್ಲಿ ಅವು ತುಕ್ಕಿಗೆ ಅಂಟಿಕೊಂಡೇ ಇರುತ್ತವೆ. ಪಿನ್ನು ಬಿಚ್ಚಿ, ತಿಕ್ಕಿ, ಗ್ರೀಸ್ ಹಾಕಿದರೆ ಮೈಲೇಜ್ ಮರಳುತ್ತದೆ. ಇದಕ್ಕೆ ಬ್ಯಾಟರಿ ಬದಲಿಸಿದವರ ಕಥೆ ಬೇರೆ.

ಟೈರಿನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2317 ಎಂದಿದ್ದರೆ 2017ರ 23ನೇ ವಾರ. ಟೈರಿನ ಗೀರು ಎಷ್ಟೇ ಆಳವಿದ್ದರೂ ಆರು ವರ್ಷ ದಾಟಿ, ಪಕ್ಕದ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೂದಲೆಳೆಯ ಬಿರುಕು ಬಾಯಿಬಿಟ್ಟರೆ ಅದು ಟೈರಲ್ಲ. ಕಾನೂನಿಗೆ ಗೀರಿನ ಆಳ 1.6 ಮಿ.ಮೀ. ಸಾಕು. ನಮ್ಮ ಮಳೆಗೆ 3 ಮಿ.ಮೀ.ಗಿಂತ ಕೆಳಗೆ ಇಟ್ಟುಕೊಳ್ಳುವುದು ಹುಚ್ಚುತನ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ ಇತ್ತು, ನಡು ಸವೆದಿದ್ದರೆ ಜಾಸ್ತಿ, ಒಳ ಅಂಚು ಮಾತ್ರ ಎಂದರೆ ಅಲೈನ್‌ಮೆಂಟ್. ನಿಂತೇ ಚಪ್ಪಟೆಯಾದ ಟೈರು ಹೆದ್ದಾರಿಯಲ್ಲಿ ದಬದಬ ಎನ್ನುತ್ತದೆ. 20 ಕಿ.ಮೀ. ಬಿಸಿಯಾದ ಮೇಲೂ ಸದ್ದು ಹೋಗದಿದ್ದರೆ ಬ್ಯಾಲೆನ್ಸಿಂಗ್‌ಗೆ ದುಡ್ಡು ದಂಡ. ಎಂಜಿನ್ ಸದ್ದಿಲ್ಲದ ಗಾಡಿಯಾದ್ದರಿಂದ ಇದನ್ನು ಮೋಟಾರಿನ ದೋಷವೆಂದು ಗಾಬರಿಪಡುವವರು ಬಹಳ.

ಕೊಂಡ ಮೇಲೂ ಊರಿನಲ್ಲಿಲ್ಲದಿದ್ದರೆ ಕೀಯನ್ನು ತಮ್ಮನಿಗೋ ಭಾವನಿಗೋ ಕೊಡಿ. ವಾರಕ್ಕೊಮ್ಮೆ ರೆಡಿಗೆ ಹಾಕಿ ಒಂದು ಗಂಟೆ ಇಡಲಿ, ತಿಂಗಳಿಗೊಮ್ಮೆ 16 ಕಿ.ಮೀ. ಓಡಿಸಲಿ. ರೆಡಿಗೆ ತಾರದೆ ಬರೀ ಬಟನ್ ಒತ್ತಿ ಹಾಡು ಕೇಳಿದರೆ ಚಾರ್ಜ್ ಆಗದು, ಚಿಕ್ಕ ಬ್ಯಾಟರಿ ಇನ್ನಷ್ಟು ಇಳಿಯುತ್ತದೆ. ಹೊರಡುವ ಮೊದಲು ಸ್ಟೆಪ್ನಿಗೂ ಗಾಳಿ ಹಾಕಿಸಿ. ಕೊಳ್ಳುವಾಗ ಅದರ ನಾಲ್ಕು ಅಂಕಿಯನ್ನೂ ಓದಿರಬೇಕು, ಹೆಚ್ಚಿನ ಗಾಡಿಗಳಲ್ಲಿ ಅದು ಫ್ಯಾಕ್ಟರಿಯಿಂದ ಬಂದದ್ದೇ ಇರುತ್ತದೆ.