ವಿಂಡೋಸ್ ಒಳಗಿನ ರಿಕವರಿ ಟೂಲ್: ಸರ್ವೀಸ್ ಎಲ್ಲಾ ಆಫ್ ಮಾಡ್ಕೊಂಡ್ಮೇಲೆ ನನ್ನ ಪಿಸಿ ಉಳಿಸಿದ್ದು ಇದೇ

ಹೋದ ವಾರ ಪಿಸಿ ಸ್ವಲ್ಪ ಸ್ಪೀಡ್ ಆಗ್ಲಿ ಅಂತ ಎಮ್‌ಎಸ್‌ಕಾನ್ಫಿಗ್ (ವಿಂಡೋಸ್ ಶುರುವಾದಾಗ ಏನೇನು ಓಡ್ಬೇಕು ಅಂತ ಸೆಟ್ ಮಾಡೋ ಟೂಲ್) ಓಪನ್ ಮಾಡಿ, ಸರ್ವೀಸಸ್ (ತೆರೆಮರೆಯಲ್ಲಿ ಓಡ್ತಿರೋ ಪ್ರೋಗ್ರಾಮ್‌ಗಳು) ಟ್ಯಾಬಲ್ಲಿ 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವೀಸಸ್' ಟಿಕ್ ಹಾಕೋದು ಮರೆತು 'ಡಿಸೇಬಲ್ ಆಲ್' ಒತ್ತಿಬಿಟ್ಟೆ. ರೀಸ್ಟಾರ್ಟ್ ಆದ್ಮೇಲೆ ಪಿನ್ ತಗೊಳ್ತಾನೇ ಇಲ್ಲ, ಒಳಗೆ ಹೋಗೋಕೆ ದಾರಿ ಇಲ್ಲ, ಅರ್ಧ ಮುಗಿಸಿದ ಕೆಲಸ ಫೋಟೋ ಎಲ್ಲಾ ಅದ್ರಲ್ಲೇ, ನಿಜವಾಗ್ಲೂ ಕೈಕಾಲೇ ಆಡ್ಲಿಲ್ಲ.

ಲಾಗಿನ್ ಸ್ಕ್ರೀನಲ್ಲಿ ಶಿಫ್ಟ್ ಹಿಡ್ಕೊಂಡೇ ರೀಸ್ಟಾರ್ಟ್ ಕೊಟ್ಟೆ, ರಿಕವರಿ ಟೂಲಿನ ನೀಲಿ ಸ್ಕ್ರೀನ್ ಬಂತು. (ಆ ಸ್ಕ್ರೀನೂ ಬರ್ದೇ ಇದ್ರೆ ಬೂಟ್ ಆಗ್ತಿರುವಾಗ ಪವರ್ ಬಟನ್ ಒತ್ತಿ ಹಿಡಿದು ಎರಡ್ಮೂರು ಸಲ ಆಫ್ ಮಾಡಿ, ತಾನಾಗೇ ಅಲ್ಲಿಗೆ ಹೋಗುತ್ತೆ.) ನಂಗೆ ಇದ್ರಲ್ಲಿ ತುಂಬಾ ಹಿಡಿಸಿದ್ದು ಏನಂದ್ರೆ ಇದು ಬೇರೆನೇ ಒಂದು ಪುಟ್ಟ ವಿಂಡೋಸ್, ನಾವು ಮೇನ್ ವಿಂಡೋಸಲ್ಲಿ ಎಷ್ಟು ಸರ್ವೀಸ್ ಕೆಡಿಸಿಟ್ಟಿದ್ರೂ ಇದು ಅದ್ರ ಪಾಡಿಗೆ ಓಡುತ್ತೆ. ಸ್ಟಾರ್ಟಪ್ ರಿಪೇರ್ ಕೈಕೊಡ್ತು, ಅದು ನೋಡೋದು ಬೂಟ್ ತೊಂದ್ರೆ ಮಾತ್ರ. ಅಡ್ವಾನ್ಸ್ಡ್ ಆಪ್ಷನ್ಸಲ್ಲಿ ಸಿಸ್ಟಮ್ ರಿಸ್ಟೋರ್ ಇದೆ ನೋಡಿ, ಅದೇ ಬೇಕಾಗಿರೋದು, ಯಾಕಂದ್ರೆ ಯಾವ ಸರ್ವೀಸ್ ಆನ್ ಯಾವ್ದು ಆಫ್ ಅನ್ನೋದು ಇರೋದು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಕೊಳ್ಳೋ ಜಾಗ), ರಿಸ್ಟೋರ್ ಅದನ್ನೇ ಹಳೇ ಸ್ಥಿತಿಗೆ ತರುತ್ತೆ, ನಮ್ಮ ಫೈಲ್ ಮುಟ್ಟಲ್ಲ. ರಿಜಿಸ್ಟ್ರಿ ರಿಸ್ಟೋರ್ ಆಗ್ತಿದೆ ಅನ್ನೋ ಸಾಲು ಎಷ್ಟೋ ಹೊತ್ತು ಅಲ್ಲಾಡ್ದೇ ನಿಂತಿತ್ತು, ಆಗ ಮಾತ್ರ ದಯವಿಟ್ಟು ಪವರ್ ಆಫ್ ಮಾಡ್ಬೇಡಿ. ಆಮೇಲೆ ಪಿನ್ ಹಾಕ್ದೆ, ಡೆಸ್ಕ್‌ಟಾಪ್ ಬಂತು, ಒಂದು ಫೈಲೂ ಹೋಗಿರ್ಲಿಲ್ಲ!

ಹಳೇ ರಿಸ್ಟೋರ್ ಪಾಯಿಂಟ್ (ವಿಂಡೋಸ್ ಮೊದಲೇ ಉಳಿಸಿಟ್ಟ ಹಳೇ ಸ್ಥಿತಿ) ಇಲ್ದಿದ್ರೆ ಕಷ್ಟ ಜಾಸ್ತಿ. ಅಲ್ಲೇ ಕಮಾಂಡ್ ಪ್ರಾಂಪ್ಟಿಂದ ರೆಜ್‌ಎಡಿಟ್ (ರಿಜಿಸ್ಟ್ರಿ ತಿದ್ದೋ ಟೂಲ್) ತೆಗೆದು, ಮೇನ್ ವಿಂಡೋಸಿನ ರಿಜಿಸ್ಟ್ರಿ ಫೈಲ್ ತೆರೆಯೋ ಲೋಡ್ ಹೈವ್ ಕೊಟ್ಟು, ವಿಂಡೋಸ್ ಫೋಲ್ಡರಲ್ಲಿ ಸಿಸ್ಟಮ್32, ಅದ್ರೊಳಗೆ ಕಾನ್ಫಿಗ್, ಅಲ್ಲಿರೋ ಸಿಸ್ಟಮ್ ಅನ್ನೋ ಫೈಲ್ ತೆಗೀಬೇಕು. ಪ್ರತಿ ಸರ್ವೀಸಿಗೂ ಒಂದು ಸ್ಟಾರ್ಟ್ ವ್ಯಾಲ್ಯೂ ಇರುತ್ತೆ, 4 ಅಂದ್ರೆ ಡಿಸೇಬಲ್, 3 ಮ್ಯಾನುಯಲ್, 2 ಆಟೋಮ್ಯಾಟಿಕ್. ಎಲ್ಲಾದ್ಕೂ ಕಣ್ಮುಚ್ಚಿ 2 ಹಾಕ್ಬೇಡಿ, ಸರಿಯಾಗಿರೋ ಇನ್ನೊಂದು ಪಿಸಿ ನೋಡ್ಕೊಂಡು ಮಾಡಿ. ಅಲ್ಲಿ ಸಿ ಡ್ರೈವ್ ಡಿ ಅಂತ ಕಾಣಿಸ್ಬೋದು, ಗಾಬರಿ ಬೇಡ.

ಟೂಲಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಮ್ಮಿ ಯಾಕಂದ್ರೆ ಎಷ್ಟೋ ಪಿಸಿಲಿ ರಿಸ್ಟೋರ್ ಪಾಯಿಂಟ್ ಉಳಿಸೋ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಇರುತ್ತೆ, ಅದು ಗೊತ್ತಾಗೋದು ಇಂಥ ಹೊತ್ತಲ್ಲೇ. ಇವತ್ತೇ ಆನ್ ಮಾಡ್ಕೊಳ್ಳಿ, ಬಿಟ್‌ಲಾಕರ್ (ಡ್ರೈವಿಗೆ ಬೀಗ ಹಾಕೋ ವಿಂಡೋಸ್ ಫೀಚರ್) ಇದ್ರೆ ಅದ್ರ 48 ಅಂಕಿ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಕೊಳ್ಳಿ.