ಒಂಬತ್ತನೆಯ ಹಾಡು ಯಾವುದು ನೋಡಿ: ಸ್ಟ್ರೋಕ್ಸ್ ತಂಡದ ಮೊದಲ ಆಲ್ಬಂನ ಯಾವ ಪ್ರತಿ ಕೊಳ್ಳಬೇಕು?

‘ದಿ ಸ್ಟ್ರೋಕ್ಸ್’ ಎಂಬ ರಾಕ್ ಸಂಗೀತ ತಂಡದ ಮೊದಲ ಆಲ್ಬಂ ‘ಈಸ್ ದಿಸ್ ಇಟ್’ ಕೊಳ್ಳುವ ಮನಸ್ಸಿದ್ದರೆ ಯುರೋಪಿನ ಸಿ.ಡಿ.ಯನ್ನೇ ಕೊಳ್ಳಿ. ಅಮೆರಿಕದ ಸಿ.ಡಿ., ಎಲ್.ಪಿ. (ಗ್ರಾಮಫೋನ್ ತಟ್ಟೆ) ಮತ್ತು ಮೊಬೈಲ್‌ನಲ್ಲಿ ಸ್ಟ್ರೀಮಿಂಗ್, ಈ ಮೂರನ್ನೂ ಕೇಳಿ ನೋಡಿದ ಮೇಲೆಯೇ ಹೀಗೆ ಹೇಳುತ್ತಿದ್ದೇನೆ. ಎಲ್.ಪಿ. ನನಗೆ ಒಪ್ಪಿಗೆ, ಸ್ಟ್ರೀಮಿಂಗ್ ಪರವಾಗಿಲ್ಲ. ಅಮೆರಿಕದ ಸಿ.ಡಿ. ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ.

ಹಳೆಯ ಸಿ.ಡಿ.ಗಳನ್ನು ಆನ್‌ಲೈನ್‌ನಲ್ಲಿ ಮಾರುವ ಒಬ್ಬರಿಂದ ಅದನ್ನು ತರಿಸಿದ್ದೆ. ಜಾಹೀರಾತಿನಲ್ಲಿದ್ದದ್ದು ಬ್ರಿಟನ್ನಿನ ಹೊದಿಕೆಯ ಚಿತ್ರ; ಅಂಚೆಯಲ್ಲಿ ಬಂದದ್ದು ಅಮೆರಿಕದ ಪ್ರತಿ. ಪತ್ರ ಬರೆದು ಕೇಳಿದರೆ, ಆಲ್ಬಂ ಒಂದೇ, ಚಿತ್ರ ಮಾತ್ರ ಬೇರೆ ಎಂಬ ಉತ್ತರ ಬಂತು. ಆಲ್ಬಂ ಒಂದೇ ಅಲ್ಲ. ಹನ್ನೊಂದು ಹಾಡುಗಳ ಪೈಕಿ ಒಂಬತ್ತನೆಯದನ್ನು ತೆಗೆದು, ಆ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ್ದಾರೆ.

ಹಾಗೇಕಾಯಿತು ಎಂಬುದಕ್ಕೆ ಕಾರಣವಿದೆ. ಆಲ್ಬಂ 2001ರ ಜುಲೈ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ, ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಅಮೆರಿಕದಲ್ಲಿ ಎಲ್.ಪಿ. ಅಂಗಡಿಗೆ ಬಂದ ದಿನ ಸೆಪ್ಟೆಂಬರ್ 11. ಸಿ.ಡಿ. ಅದೇ ತಿಂಗಳು 25ಕ್ಕೆ ಬರಬೇಕಿತ್ತು. ಒಂಬತ್ತನೆಯ ಹಾಡು ‘ನ್ಯೂಯಾರ್ಕ್ ಸಿಟಿ ಕಾಪ್ಸ್’. ಅದರ ಪಲ್ಲವಿ ಆ ನಗರದ ಪೊಲೀಸರನ್ನು ಬುದ್ಧಿ ಸಾಲದವರು ಎಂದು ಹಂಗಿಸುತ್ತದೆ. ಅವಳಿ ಗೋಪುರಗಳ ಮೇಲಿನ ದಾಳಿಯಲ್ಲಿ ನ್ಯೂಯಾರ್ಕ್ ನಗರ ಪೊಲೀಸ್ ಇಲಾಖೆಯ 23 ಮಂದಿ ಪ್ರಾಣ ಕೊಟ್ಟಿದ್ದರು. ತಂಡವೂ ಅದೇ ಊರಿನದು. ಸಿ.ಡಿ.ಯನ್ನು ಅಕ್ಟೋಬರ್ 9ಕ್ಕೆ ಮುಂದೂಡಿ, ಈ ಹಾಡನ್ನು ತೆಗೆದು ‘ವೆನ್ ಇಟ್ ಸ್ಟಾರ್ಟೆಡ್’ ಸೇರಿಸಿದರು. ಮೊದಲೇ ಹೊರಬಿದ್ದಿದ್ದ ಎಲ್.ಪಿ.ಯಲ್ಲೂ ಬ್ರಿಟನ್ ಸೇರಿದಂತೆ ಯುರೋಪಿನ ಸಿ.ಡಿ.ಯಲ್ಲೂ ಹಾಡು ಹಾಗೆಯೇ ಉಳಿಯಿತು. ಆ ಹೊತ್ತಿನಲ್ಲಿ ತಂಡ ಮಾಡಿದ್ದು ಸರಿ. ಅಷ್ಟು ಮನೆಗಳಲ್ಲಿ ಸೂತಕವಿದ್ದಾಗ ಆ ಪಲ್ಲವಿಯನ್ನು ಅಂಗಡಿಗಳಲ್ಲಿ ಮೊಳಗಿಸುವುದು ಕ್ರೌರ್ಯವಾಗುತ್ತಿತ್ತು. ನನ್ನ ತಕರಾರು ಇಷ್ಟೇ: ಇಷ್ಟು ವರ್ಷಗಳ ಬಳಿಕವೂ ಆ ಪ್ರತಿಯನ್ನು ಪೂರ್ಣ ಆಲ್ಬಂ ಎಂದು ಮಾರುವವರು ಖರೀದಿಸುವವರಿಗೆ ಒಂದು ಮಾತು ಹೇಳುವುದಿಲ್ಲ.

ಒಂದು ಹಾಡು ಹೋದರೆ ಏನಾಯಿತು ಎನ್ನುವವರು ಎಂಟನೆಯ ಹಾಡಿನಿಂದ ಕೇಳಬೇಕು. ‘ಹಾರ್ಡ್ ಟು ಎಕ್ಸ್‌ಪ್ಲೇನ್’ನಲ್ಲಿ ಫ್ಯಾಬ್ರಿಜಿಯೊ ಮೊರೆಟ್ಟಿಯ ಡ್ರಮ್ ಮನುಷ್ಯ ಬಾರಿಸಿದ್ದೋ ಯಂತ್ರದ್ದೋ ಎಂಬಷ್ಟು ಬಿಗಿಯಾಗಿ ಓಡುತ್ತದೆ, ಓಡುತ್ತಿದ್ದ ಹಾಡು ಕೊನೆಗೆ ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಆ ಮೌನದಿಂದ ಎದ್ದು ಬರುವುದೇ ‘ನ್ಯೂಯಾರ್ಕ್ ಸಿಟಿ ಕಾಪ್ಸ್’. ಅದರ ಆರಂಭ ಅಸ್ತವ್ಯಸ್ತ: ಒಂದು ಚೀರು, ಹೇಳಿದ್ದನ್ನು ಹಿಂತೆಗೆದುಕೊಳ್ಳುವಂಥ ಗೊಣಗಾಟ, ತಡಕಾಡುವ ಗಿಟಾರ್. ನಂತರ ಎಲ್ಲರೂ ಒಟ್ಟಿಗೆ ಮುನ್ನುಗ್ಗುತ್ತಾರೆ. ಅಲ್ಲಿಯವರೆಗೆ ಗಾಯಕ ಜೂಲಿಯನ್ ಕಾಸಾಬ್ಲಾಂಕಸ್ ಉದಾಸೀನದ ಧ್ವನಿಯಲ್ಲಿ, ಅರ್ಧ ನಿದ್ದೆಯಲ್ಲಿದ್ದವನಂತೆ ಹಾಡುತ್ತಾನೆ. ಇಲ್ಲಿ ಮೊದಲ ಬಾರಿಗೆ ಹದ್ದು ಮೀರುತ್ತಾನೆ. ಅದಾದ ಮೇಲೆ ಬರುವ ‘ಟ್ರೈಯಿಂಗ್ ಯುವರ್ ಲಕ್’ನ ಸೋತ ದನಿಗೆ ಅರ್ಥ ಬರುವುದು ಈ ಗದ್ದಲ ಮುಗಿದಿದೆ ಎಂಬ ಕಾರಣಕ್ಕೇ.

‘ವೆನ್ ಇಟ್ ಸ್ಟಾರ್ಟೆಡ್’ ಕೆಟ್ಟ ಹಾಡೇನಲ್ಲ. 2002ರ ‘ಸ್ಪೈಡರ್‌ಮ್ಯಾನ್’ ಚಿತ್ರದ ಹಾಡುಗಳ ಆಲ್ಬಂನಲ್ಲೂ ಅದು ಇದೆ, ಅಲ್ಲಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಅದು ಸಂಯಮದ, ಲಘು ಲಯದ ಹಾಡು. ಸ್ಫೋಟವಾಗಬೇಕಾದ ಜಾಗದಲ್ಲಿ ಅದು ಕುಳಿತಾಗ ಆಲ್ಬಂನ ಕೊನೆಯ ಭಾಗವೆಲ್ಲ ಒಂದೇ ಎತ್ತರದಲ್ಲಿ ಸಾಗುತ್ತದೆ. ನನ್ನ ಕಿವಿ ಪ್ರತಿಸಲವೂ ಅಲ್ಲಿ ಇನ್ನೊಂದು ಹಾಡಿಗಾಗಿ ಕಾಯುತ್ತದೆ.

ಹೊದಿಕೆಯ ವಿಷಯದಲ್ಲಿ ಅಮೆರಿಕದ ಪ್ರತಿಯೇ ಮೇಲು. ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಬಬಲ್ ಚೇಂಬರ್‌ನಲ್ಲಿ ಕಣಗಳು ಬಿಟ್ಟುಹೋದ ಗೆರೆಗಳ ಚಿತ್ರ ಅದು, ನೋಡಿದಷ್ಟೂ ಚಂದ. ಬ್ರಿಟನ್ನಿನದು ಬೆತ್ತಲೆ ಸೊಂಟದ ಮೇಲೆ ಚರ್ಮದ ಕೈಗವಸಿನ ಕೈ ಇರುವ ಚಿತ್ರ. ಹಿರಿಯರಿರುವ ಮನೆಯ ನಡುಕೋಣೆಯಲ್ಲಿ ಎದುರಿಗೆ ಇಡುವಂಥದ್ದಲ್ಲ.

ಎಲ್.ಪಿ.ಯನ್ನು ಗೆಳೆಯರ ಮನೆಯಲ್ಲಿ ಸಾಕಷ್ಟು ಕೇಳಿದ್ದೇನೆ. ಹಾಡು ಇದೆ, ನಿಕೊಲಾಯ್ ಫ್ರೇಚರ್‌ನ ಬೇಸ್ ಗಿಟಾರ್ ದುಂಡಗೆ ಕೇಳುತ್ತದೆ. ಆದರೆ ಈ ಆಲ್ಬಂಗೆ ಎಲ್.ಪಿ.ಯಿಂದ ಬೇರೆಯವರು ಹೇಳುವಷ್ಟು ಲಾಭವಿದೆ ಎಂದು ನನಗೆ ಅನ್ನಿಸಿಲ್ಲ. ನಿರ್ಮಾಪಕ ಗಾರ್ಡನ್ ರಾಫೆಲ್ ಇದನ್ನು ಧ್ವನಿಮುದ್ರಿಸಿದ್ದೇ ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನ ನೆಲಮಾಳಿಗೆಯ ಸ್ಟುಡಿಯೊದಲ್ಲಿ. ಕಾಸಾಬ್ಲಾಂಕಸ್‌ನ ಧ್ವನಿಯನ್ನು ಅಭ್ಯಾಸಕ್ಕೆ ಬಳಸುವ ಪುಟ್ಟ ಪೀವಿ ಆಂಪ್ಲಿಫಯರ್ ಮೂಲಕ ಹಾಯಿಸಿ, ಟೆಲಿಫೋನಿನಲ್ಲಿ ಕೇಳಿದಂತೆ ಒರಟು ಮಾಡಲಾಗಿದೆ. ಒರಟುತನ ಹಾಡಿನೊಳಗೇ ಇರುವಾಗ ಮುಳ್ಳಿನ ಕರಕರ ಸದ್ದು ಹೊಸದಾಗಿ ಏನನ್ನೂ ಕೊಡುವುದಿಲ್ಲ. ಜೊತೆಗೆ, ಇಡೀ ಆಲ್ಬಂ 36 ನಿಮಿಷಗಳಷ್ಟೇ. ನಡುವೆ ಎದ್ದು ತಟ್ಟೆ ತಿರುಗಿಸುವುದು ನನಗೆ ಒಗ್ಗದು. ಹೊರದೇಶದಿಂದ ಬರುವ ಎಲ್.ಪಿ.ಯ ಬೆಲೆಗೆ ನಾನು ನಾಲ್ಕೈದು ಹಳೆಯ ಸಿ.ಡಿ. ಕೊಳ್ಳುತ್ತೇನೆ.

ಸ್ಟ್ರೀಮಿಂಗ್‌ನಲ್ಲಿ ನಾನು ಕೇಳಿದ ಪ್ರತಿಯಲ್ಲಿ ಒಂಬತ್ತನೆಯ ಹಾಡು ಸರಿಯಾಗಿಯೇ ಇದೆ. ಹಣ ಕಟ್ಟದೆ ಕೇಳುವವರಿಗೆ ಮಾತ್ರ, ಎಂಟನೆಯ ಹಾಡು ಥಟ್ಟನೆ ನಿಂತ ಆ ಕ್ಷಣದಲ್ಲೇ ಜಾಹೀರಾತು ಬಂದುಬಿಡಬಹುದು.

2001ರ ಜನವರಿಯಲ್ಲಿ ರಫ್ ಟ್ರೇಡ್ ಸಂಗೀತ ಕಂಪನಿ ಹೊರತಂದ ಮೂರು ಹಾಡುಗಳ ‘ದಿ ಮಾಡರ್ನ್ ಏಜ್’ ಇ.ಪಿ.ಯನ್ನು (ಆಲ್ಬಂಗಿಂತ ಚಿಕ್ಕ ಮುದ್ರಿಕೆ) ಆಲ್ಬಂ ಮನಸ್ಸಿಗೆ ಹಿಡಿಸಿದ ಮೇಲೆ ಹುಡುಕಿದರೆ ಸಾಕು.

ನಾನು ಸಂಜೆ ಕೆಲಸ ಮುಗಿಸಿ, ಮೊಬೈಲನ್ನು ದೂರವಿಟ್ಟು, ಆಲ್ಬಂ ಒಂದನ್ನು ಮೊದಲಿನಿಂದ ಕೊನೆಯವರೆಗೆ ಕೇಳುವವನು. ಮನೆಯಲ್ಲಿ ಹಳೆಯ ಸಿ.ಡಿ. ಪ್ಲೇಯರ್ ಇದೆ, ಟರ್ನ್‌ಟೇಬಲ್ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ. ನನ್ನಂಥವರಿಗೆ ಯುರೋಪಿನ ಸಿ.ಡಿ. ಬಿಟ್ಟು ಬೇರೆ ಬೇಡ. ಟರ್ನ್‌ಟೇಬಲ್ ಇದ್ದವರು ಎಲ್.ಪಿ. ಕೊಳ್ಳಲಿ, ನಷ್ಟವಿಲ್ಲ. ಸಿ.ಡಿ. ಕೊಳ್ಳುವವರು ಹಣ ಕಳುಹಿಸುವ ಮೊದಲು ಹಿಂಬದಿಯ ಫೋಟೊ ಕೇಳಿ ತರಿಸಿಕೊಂಡು ಒಂಬತ್ತನೆಯ ಸಾಲು ಓದಬೇಕು. ಫೋಟೊ ಕಳುಹಿಸಲು ಒಪ್ಪದವರ ಬಳಿ ಕೊಳ್ಳಬೇಡಿ.