‘ನೈಸ್’ ಪದದ ಬೆನ್ನು ಹತ್ತಿ: ಆನ್‌ಲೈನ್ ಎಟಿಮಾಲಜಿ ಡಿಕ್ಷನರಿಯ ಬಳಕೆ

ದೋಸೆ ಹಿಟ್ಟನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿದ ಅತ್ತೆಯವರು ‘ಇನ್ನೂ ನೈಸಾಗಿಲ್ಲ, ಸ್ವಲ್ಪ ಹೊತ್ತು ತಿರುಗಲಿ’ ಎಂದಾಗ, ಹಿತವಾದುದಕ್ಕೆಲ್ಲ ಇಂಗ್ಲಿಷಿನವರು ಬಳಸುವ ಪದವೊಂದು ನಮ್ಮ ಅಡುಗೆಮನೆಯಲ್ಲಿ ನುಣುಪಿನ ಹೆಸರಾದದ್ದು ಹೇಗೆ ಎಂಬ ಕುತೂಹಲ ನನಗೆ ಹುಟ್ಟಿತು. ಮೂಲವನ್ನು ಹುಡುಕಲು ನಾನು ತೆರೆದದ್ದು ಅಮೆರಿಕದ ಡಗ್ಲಾಸ್ ಹಾರ್ಪರ್ ಅವರು ಕಟ್ಟಿದ, ಉಚಿತವಾಗಿ ನೋಡಬಹುದಾದ ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’ಯನ್ನು.

ಪದವೊಂದು ಎಲ್ಲಿಂದ ಬಂತು, ಇಂಗ್ಲಿಷ್ ಬರಹದಲ್ಲಿ ಯಾವಾಗ ಕಾಣಿಸಿಕೊಂಡಿತು, ದಾರಿಯಲ್ಲಿ ಅದರ ಅರ್ಥಕ್ಕೆ ಏನೇನಾಯಿತು ಎಂಬುದೇ ಈ ನಿಘಂಟಿನ ಕಾಳಜಿ. ‘ನೈಸ್’ ಪದದ ವಿವರಣೆ ಇದಕ್ಕೆ ಸೊಗಸಾದ ಮಾದರಿ. ಲ್ಯಾಟಿನ್ನಿನಲ್ಲಿ ‘ನೆ’ ನಿಷೇಧವನ್ನೂ ‘ಸ್ಕೀರೆ’ ತಿಳಿಯುವುದನ್ನೂ ಸೂಚಿಸುತ್ತವೆ. ಇವೆರಡರಿಂದ ಆದ ‘ನೆಸ್ಕಿಯಸ್’ ಎಂದರೆ ಅರಿಯದವನು. ಅದು ಹಳೆಯ ಫ್ರೆಂಚಿನ ಮೂಲಕ 13ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷನ್ನು ಸೇರಿದಾಗ ‘ನೈಸ್’ ಎನಿಸಿಕೊಂಡವನು ದಡ್ಡ. ಅನಂತರ ಅಂಜುಬುರುಕ, ಎಲ್ಲದಕ್ಕೂ ಕೊಂಕು ತೆಗೆಯುವವನು, ನಾಜೂಕಾದದ್ದು, ಕರಾರುವಾಕ್ಕಾದದ್ದು ಎಂದು ಅರ್ಥ ಸರಿಯುತ್ತಾ ಬಂದು, 1769ರ ಹೊತ್ತಿಗೆ ಹಿತಕರ ಎಂಬಲ್ಲಿಗೆ ಮುಟ್ಟುತ್ತದೆ. ‘ಸೈನ್ಸ್’ ಪದವೂ ಅದೇ ‘ಸ್ಕೀರೆ’ಯ ಕುಡಿ ಎಂಬುದನ್ನು ಓದಿ ನಾನು ನಕ್ಕೆ.

ಇಸವಿಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಅವು ಸಿಕ್ಕಿರುವ ಅತ್ಯಂತ ಹಳೆಯ ಬರಹದ ಕಾಲವನ್ನು ಹೇಳುತ್ತವೆಯೇ ಹೊರತು ಪದ ಬಾಯಲ್ಲಿ ಹುಟ್ಟಿದ ಗಳಿಗೆಯನ್ನಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿರುವಂತೆ ಪ್ರತಿ ಅರ್ಥಕ್ಕೂ ಕಾಲಾನುಕ್ರಮದ ಉದ್ಧರಣೆಗಳ ಸಾಲು ಇಲ್ಲಿ ಇಲ್ಲದ್ದರಿಂದ, ಸಂಶೋಧಕರಿಗೆ ಇದೊಂದೇ ಸಾಲದು; ಪಾಠದ ನಡುವೆ ಪದವೊಂದರ ಕತೆ ಹೇಳಬಯಸುವ ಶಿಕ್ಷಕರಿಗೆ ಧಾರಾಳವಾಗಿ ಸಾಕು.

ಅತ್ತೆಯವರ ‘ನೈಸ್’ಗೆ ಇಲ್ಲಿ ನೇರ ಉತ್ತರ ಸಿಗಲಿಲ್ಲ, ಸಿಗಬೇಕೆಂದು ಬಯಸುವುದೂ ನ್ಯಾಯವಲ್ಲ. ನಾಜೂಕು ಎಂಬ ಹಳೆಯ ಅರ್ಥ ನುಣುಪಿಗೆ ಹತ್ತಿರವಿದ್ದರೂ, ಕನ್ನಡಿಗರ ಕಿವಿಗೆ ‘ನಯ’ ಎಂಬ ಪದ ಮೊದಲೇ ಒಗ್ಗಿದ್ದುದರಿಂದ ಇದು ಸಲೀಸಾಗಿ ಒಳಬಂದಿರಬೇಕೆಂಬುದು ನನ್ನ ಊಹೆ. ‘ನೈಸ್ ಮಾಡಿ ಕೆಲಸ ಸಾಧಿಸಿಕೊಂಡ’, ‘ನೈಸಾಗಿ ಜಾರಿಕೊಂಡ’ ಎಂಬ ಮಾತುಗಳ ಜಾಡನ್ನಂತೂ ಕನ್ನಡದ ನಿಘಂಟುಕಾರರೇ ಹಿಡಿಯಬೇಕು.